ಫಿಲ್ಟರ್ ಬದಲಾಯ್ತು, ಮೈಲೇಜ್ ಬದಲಾಯ್ತಾ?

"ಕಂಪನಿ ಫಿಲ್ಟರ್ ತೆಗೆದು ಪರ್ಫಾರ್ಮೆನ್ಸ್ ಏರ್ ಫಿಲ್ಟರ್ ಹಾಕ್ಸಿ ಸಾರ್. ಪಿಕಪ್ಪೂ ಬರುತ್ತೆ, ಮೈಲೇಜೂ ಬರುತ್ತೆ." ಕಾರು ಇಟ್ಟುಕೊಂಡವರಿಗೆ ಈ ಮಾತು ಹೊಸದಲ್ಲ. ಹಾಕಿಸಿಕೊಂಡ ಸ್ನೇಹಿತರನ್ನು ಕೇಳಿದರೆ "ವ್ಯತ್ಯಾಸ ಗೊತ್ತಾಗುತ್ತೆ ಗುರು" ಅಂತಾರೆ. ಅವರು ಸುಳ್ಳು ಹೇಳ್ತಿಲ್ಲ. ಆದರೆ ಗೊತ್ತಾಗೋದು ಬೇರೆ, ಅಳೆದು ನೋಡೋದು ಬೇರೆ. ಸಾವಿರಗಟ್ಟಲೆ ರೂಪಾಯಿ ಕೊಡುವ ಮೊದಲು ಅಳೆಯೋದು ಹೇಗೆ ಅಂತ ಈ ವಾರ ನೋಡೋಣ. ಇದು ಪೆಟ್ರೋಲ್ ಕಾರಿನ ಮಾತು. ಡೀಸೆಲ್ ಲೆಕ್ಕ ಸ್ವಲ್ಪ ಬೇರೆ.

ಮೊದಲು, ಫಿಲ್ಟರ್ ಎಲ್ಲಿ ಕೆಲಸಕ್ಕೆ ಬರುತ್ತೆ? ನೀವು 60ರಲ್ಲಿ ಆರಾಮಾಗಿ ಹೋಗುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿರೋದಿಲ್ಲ. ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಅನ್ನೋ ಬಾಗಿಲು ಬಹುಪಾಲು ಮುಚ್ಚಿಯೇ ಇರುತ್ತೆ. ಆಗ ಫಿಲ್ಟರ್ ಎಷ್ಟು ಸಲೀಸಾಗಿ ಗಾಳಿ ಬಿಟ್ಟರೂ ಏನು ಬಂತು? ನಲ್ಲಿಯನ್ನು ಅರ್ಧ ತಿರುಗಿಸಿಟ್ಟುಕೊಂಡು ಟ್ಯಾಂಕಿಗೆ ದಪ್ಪ ಪೈಪ್ ಹಾಕಿಸಿದ ಹಾಗೆ. ಫಿಲ್ಟರಿನ ಪ್ರಭಾವ ಕಾಣೋದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ.

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನೇ ಅಳೆದಿತ್ತು. ಫ್ಯುಯೆಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಧೂಳು ಕಟ್ಟಿದ ಫಿಲ್ಟರ್ ತೆಗೆದು ಹೊಸದು ಹಾಕಿದರೂ ಮೈಲೇಜ್ ಹೆಚ್ಚಲಿಲ್ಲ. ವೇಗ ಹಿಡಿಯುವ ಸಮಯ ಮಾತ್ರ 6ರಿಂದ 11 ಶೇಕಡಾ ಸುಧಾರಿಸಿತು. ಕಟ್ಟಿಕೊಂಡ ಫಿಲ್ಟರಿಗೂ ಹೊಸದಕ್ಕೂ ಇಷ್ಟೇ ವ್ಯತ್ಯಾಸ ಅಂದ್ರೆ, ಚೊಕ್ಕವಾಗಿರೋ ಕಂಪನಿ ಫಿಲ್ಟರಿಗೂ ದುಬಾರಿ ಫಿಲ್ಟರಿಗೂ ಎಷ್ಟಿರಬಹುದು, ನೀವೇ ಯೋಚಿಸಿ.

ಇನ್ನು ನಮ್ಮ ರಸ್ತೆಗೆ ಬರೋಣ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕೂ ಒಂದೇ ಹೆದ್ದಾರಿಯ ಮೇಲಿವೆ. ಪರೀಕ್ಷೆಗೆ ಒಳ್ಳೇ ದಾರಿ. ಆದರೆ ಮೋಸ ಹೋಗೋದಕ್ಕೂ ಅಷ್ಟೇ ಒಳ್ಳೇ ದಾರಿ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗೌರಿಬಿದನೂರು ಸುಮಾರು 700. ಒಂದು ಟನ್ ತೂಕದ ಕಾರನ್ನು 200 ಮೀಟರ್ ಮೇಲಕ್ಕೆ ಹತ್ತಿಸೋಕೆ ಹೆಚ್ಚೂಕಮ್ಮಿ ಕಾಲು ಲೀಟರ್ ಪೆಟ್ರೋಲ್ ಬೇಕು. ಇಳಿಯುವಾಗ ಅದರಲ್ಲಿ ಒಂದು ಪಾಲು ಉಳಿಯುತ್ತೆ. ಹೊಸ ಫಿಲ್ಟರ್ ಹಾಕಿಸಿಕೊಂಡು ಗೌರಿಬಿದನೂರಿಗೆ ಹೋಗಿ, ಡ್ಯಾಶ್‌ಬೋರ್ಡ್‌ನಲ್ಲಿ ಮೈಲೇಜ್ ನೋಡಿ ಖುಷಿಪಟ್ಟರೆ, ಆ ಖುಷಿ ಇಳಿಜಾರಿನದ್ದು, ಫಿಲ್ಟರಿನದ್ದಲ್ಲ. ಹಾಗಾಗಿ ಹೋಗಿದ್ದು, ಬಂದಿದ್ದು ಎರಡೂ ಲೆಕ್ಕಕ್ಕೆ ಬರಬೇಕು.

ಎರಡನೇ ಮೋಸ ಪೆಟ್ರೋಲ್ ಬಂಕಿನಲ್ಲಿ. "ಟ್ಯಾಂಕ್ ಫುಲ್" ಅನ್ನೋದು ಒಂದೊಂದು ಸಲ ಒಂದೊಂದು ಥರ. ಅರ್ಧ ಲೀಟರ್ ಆಚೀಚೆ ಆಗೋದು ಸಹಜ. ಚಿಂತಾಮಣಿಗೆ ಒಮ್ಮೆ ಹೋಗಿಬಂದು 5 ಲೀಟರ್ ತುಂಬಿಸಿದರೆ, ಆ ಅರ್ಧ ಲೀಟರೇ 10 ಶೇಕಡಾ! ಅದೇ 360 ಕಿ.ಮೀ. ಓಡಿಸಿ 20 ಲೀಟರ್ ತುಂಬಿಸಿದರೆ ತಪ್ಪು 2.5 ಶೇಕಡಾಕ್ಕೆ ಇಳಿಯುತ್ತೆ. ಅದೇ ಬಂಕ್, ಅದೇ ಪಂಪ್, ಮೊದಲ ಆಟೊ ಕಟ್‌ಆಫ್‌ಗೆ ನಿಲ್ಲಿಸಿ. "ರೌಂಡ್ ಫಿಗರ್ ಮಾಡ್ಲಾ ಸಾರ್" ಅಂದ್ರೆ ಬೇಡ ಅನ್ನಿ.

ಮೂರನೆಯದು ಗಾಳಿ, ಟ್ರಾಫಿಕ್ಕು. ಆಷಾಢದ ಗಾಳಿ ಎದುರಿಗಿದ್ದ ವಾರಕ್ಕೂ ಗಾಳಿಯಿಲ್ಲದ ವಾರಕ್ಕೂ ಹೋಲಿಕೆಯೇ ಇಲ್ಲ. ಶಿಡ್ಲಘಟ್ಟದಲ್ಲಿ ಗೂಡಿನ ಗಾಡಿಗಳ ಹಿಂದೆ, ಚಿಂತಾಮಣಿಯಲ್ಲಿ ಟೊಮೆಟೊ ಲೋಡಿನ ಹಿಂದೆ ಸಿಕ್ಕಿಕೊಂಡ ದಿನವೂ ಹಾಗೇ. ಏಸಿ, ಟೈರ್ ಪ್ರೆಶರ್, ಕಾರಲ್ಲಿ ಎಷ್ಟು ಜನ, ಇವನ್ನು ಒಂದೇ ಸಮ ಇಡಬಹುದು. ಗಾಳಿಯನ್ನು ಹೇಗೆ ಇಡ್ತೀರಿ?

ಅದಕ್ಕೆ ಉತ್ತರ ಗೌರಿಬಿದನೂರಿನಲ್ಲೇ ಇದೆ. ಅಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪನ ಕೇಂದ್ರ 1960ರ ದಶಕದಿಂದಲೂ ಇದೆ. ದೂರದ ಭೂಕಂಪ, ಅಣುಸ್ಫೋಟಗಳ ಪುಟ್ಟ ಕಂಪನವನ್ನು ಹಿಡಿಯೋದು ಅದರ ಕೆಲಸ. ಒಂದೇ ಮಾಪಕ ನಂಬಿ ಅವರು ಕೂತಿಲ್ಲ. ದೂರದೂರಕ್ಕೆ ಇಟ್ಟ ಹಲವು ಮಾಪಕಗಳ ದಾಖಲೆಯನ್ನು ಸೇರಿಸ್ತಾರೆ. ಸುತ್ತಲಿನ ಗದ್ದಲ ಒಂದೊಂದರಲ್ಲಿ ಒಂದೊಂದು ಥರ ಇರೋದರಿಂದ ಸೇರಿಸಿದಾಗ ಅಡಗುತ್ತೆ, ನಿಜವಾದ ಕಂಪನ ಎಲ್ಲದರಲ್ಲೂ ಇರೋದರಿಂದ ಉಳಿಯುತ್ತೆ. ನಮಗೂ ಅದೇ ದಾರಿ. ಒಂದು ಸಲ ಅಳೆದರೆ ಸಾಲದು.

ಆದ್ದರಿಂದ ನಾಲ್ಕು ಟ್ಯಾಂಕ್ ಓಡಿಸಿ: ಹಳೇದು, ಹೊಸದು, ಮತ್ತೆ ಹಳೇದು, ಮತ್ತೆ ಹೊಸದು. ಹಳೇ ಫಿಲ್ಟರ್ ಕೂಡ ಚೊಕ್ಕವಾಗಿರಲಿ, ಇಲ್ಲದಿದ್ರೆ ಧೂಳಿಗೂ ಬ್ರ್ಯಾಂಡಿಗೂ ಪಂದ್ಯ ಇಟ್ಟ ಹಾಗಾಗುತ್ತೆ. ತೆಗೆದು ವಾಪಸ್ ಹಾಕೋದೇ ಇಲ್ಲಿ ಮುಖ್ಯ. ನಮ್ಮಲ್ಲಿ ಎಲ್ಲರೂ ಬಿಡೋದು ಅದನ್ನೇ. ಈಗ ನೋಡಿ, ಹಳೇದರ ಎರಡು ಟ್ಯಾಂಕಿಗೆ 17.5 ಮತ್ತು 18.5 ಬಂತು ಅಂತಿಟ್ಟುಕೊಳ್ಳಿ. ಏನೂ ಬದಲಾಯಿಸದೇನೇ ಒಂದು ಕಿ.ಮೀ. ವ್ಯತ್ಯಾಸ! ಹಾಗಿದ್ದಾಗ ಹೊಸದಕ್ಕೆ 18.6 ಬಂದರೆ ಅದು ಫಿಲ್ಟರಿನ ಗುಣ ಅಂತ ಹೇಳೋಕಾಗಲ್ಲ.

ಪಿಕಪ್ಪಿಗೂ ಇದೇ ಕ್ರಮ. ಖಾಲಿ, ನೇರ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಎಷ್ಟು ಸೆಕೆಂಡ್ ಅಂತ ಎರಡೂ ದಿಕ್ಕಿನಲ್ಲಿ ನೋಡಿ. ವೀಡಿಯೊ ಪಕ್ಕದಲ್ಲಿ ಕೂತವರು ಮಾಡಲಿ. ಕಿವಿಯನ್ನು ಮಾತ್ರ ನಂಬಬೇಡಿ. ತೆರೆದ ಫಿಲ್ಟರ್ ಜೋರಾಗಿ ಗಾಳಿ ಎಳೆಯುತ್ತೆ, ಆ ಸದ್ದೇ ಶಕ್ತಿ ಅನ್ನಿಸಿಬಿಡುತ್ತೆ. ಆದರೆ ಕೆಲವು ತೆರೆದ ಫಿಲ್ಟರ್‌ಗಳು ಎಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಎಳೀತವೆ, ಅದರಿಂದ ಶಕ್ತಿ ಕಡಿಮೆಯೇ ಆಗುತ್ತೆ.

ದುಡ್ಡಿನ ಲೆಕ್ಕವನ್ನೂ ಹಾಕೋಣ. ತಿಂಗಳಿಗೆ 1,000 ಕಿ.ಮೀ., ಲೀಟರಿಗೆ 18 ಅಂದ್ರೆ ಸುಮಾರು 55 ಲೀಟರ್. ನಿಜವಾಗಿ 5 ಶೇಕಡಾ ಉಳಿದರೂ ತಿಂಗಳಿಗೆ ಮೂರು ಲೀಟರ್ ಕೂಡ ಇಲ್ಲ. ಲೀಟರಿಗೆ ನೂರು ರೂಪಾಯಿ ಲೆಕ್ಕದಲ್ಲಿ 5,000 ರೂಪಾಯಿಯ ಫಿಲ್ಟರ್ ತನ್ನ ದುಡ್ಡು ತಾನು ದುಡಿಯೋಕೆ ಒಂದೂವರೆ ವರ್ಷ ಬೇಕು. ಏನೂ ಉಳಿಯದಿದ್ದರೆ ಯಾವತ್ತೂ ಇಲ್ಲ.

ಇನ್ನೊಂದು ಮಾತು. ಜಲ್ಲಿ ಲಾರಿಗಳ ಧೂಳು ತಿನ್ನುವ ನಮ್ಮ ರಸ್ತೆಗಳಲ್ಲಿ ಫಿಲ್ಟರಿನ ಮೊದಲ ಕೆಲಸ ಗಾಳಿ ಬಿಡೋದಲ್ಲ, ಧೂಳು ತಡೆಯೋದು. ಸಲೀಸಾಗಿ ಗಾಳಿ ಬಿಡೋದು ಧೂಳನ್ನೂ ಬಿಟ್ಟರೆ ನಷ್ಟ ಎಂಜಿನ್‌ಗೆ. ಕೆಲವು ನೂರು ರೂಪಾಯಿಯ ಕಂಪನಿ ಫಿಲ್ಟರನ್ನು ಸಮಯಕ್ಕೆ ಮುಂಚೆಯೇ ತೆಗೆದು ನೋಡಿ, ಕಟ್ಟಿದ್ದರೆ ಬದಲಾಯಿಸಿ, ಟೈರ್ ಪ್ರೆಶರ್ ಸರಿಯಾಗಿಟ್ಟುಕೊಳ್ಳಿ.

ನಿಮ್ಮ ಹತ್ತಿರ ಈಗಾಗಲೇ ದುಬಾರಿ ಫಿಲ್ಟರ್ ಇದೆಯಾ? ಹಾಗಾದ್ರೆ ಹಳೇದನ್ನು ಎಸೆಯಬೇಡಿ. ನಾಲ್ಕು ಟ್ಯಾಂಕಿನ ಲೆಕ್ಕ ಫೋನಿನಲ್ಲಿ ಬರೆದಿಟ್ಟುಕೊಂಡು ನಮಗೂ ಕಳಿಸಿ. ಫಿಲ್ಟರ್ ಗೆದ್ದಿದ್ದರೂ ಸರಿ, ಅದನ್ನೂ ಈ ಅಂಕಣದಲ್ಲೇ ಹಾಕೋಣ.