ಹೊರಡುವ ಮೊದಲು ನಾಲಗೆ ಸಿದ್ಧವಾಗಲಿ

ಒಂದು ಕಾಲದಲ್ಲಿ ನಮ್ಮ ಕರಾವಳಿಯ ಕಥೊಲಿಕ ಮನೆಗಳಲ್ಲಿ ಊರು ಬಿಡುವುದೆಂದರೆ ಮುಂಬಯಿಯ ದಾರಿ ಹಿಡಿಯುವುದಾಗಿತ್ತು. ಅನಂತರದ ತಲೆಮಾರಿಗೆ ಅದು ಕೊಲ್ಲಿ ರಾಷ್ಟ್ರಗಳ ವಿಮಾನವೇರುವುದಾಯಿತು. ಇಂದು ಭಾನುವಾರದ ಬಲಿಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಾಲ್ಕು ಜನ ಮಾತಿಗೆ ನಿಂತರೆ ಕಿವಿಗೆ ಬೀಳುವ ಹೊಸ ಹೆಸರು ಜರ್ಮನಿ. ‘ಮಗ ಜರ್ಮನ್ ಕ್ಲಾಸಿಗೆ ಸೇರಿದ್ದಾನೆ’, ‘ಮಗಳದ್ದು ಬಿ1 ಆಯಿತು, ಇನ್ನು ವೀಸಾ ಬರಬೇಕಷ್ಟೆ’ ಎಂಬ ಮಾತುಗಳು ಈಗ ಹಳ್ಳಿಯ ಧರ್ಮಕೇಂದ್ರಗಳಲ್ಲಿಯೂ ಅಪರೂಪವಲ್ಲ.

ಇದಕ್ಕೆ ಕಾರಣಗಳಿವೆ. ಆ ದೇಶದಲ್ಲಿ ವಯೋವೃದ್ಧರ ಸಂಖ್ಯೆ ಹೆಚ್ಚಿದೆ, ದುಡಿಯುವ ಕೈಗಳು ಸಾಲದಾಗಿವೆ. 2022ರ ಡಿಸೆಂಬರ್ 5ರಂದು ಭಾರತ ಮತ್ತು ಜರ್ಮನಿ ವಲಸೆ ಹಾಗೂ ಸಂಚಾರದ ಕುರಿತಾದ ಒಪ್ಪಂದಕ್ಕೆ ಸಹಿ ಹಾಕಿದವು. ಕುಶಲ ಕೆಲಸಗಾರರಾದ ಭಾರತೀಯರಿಗೆ ವರ್ಷಕ್ಕೆ 20,000ದಷ್ಟಿದ್ದ ವೀಸಾಗಳನ್ನು 90,000ಕ್ಕೆ ಏರಿಸುವ ನಿರ್ಧಾರವನ್ನು ಜರ್ಮನ್ ಸರಕಾರ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಬಾಗಿಲು ತೆರೆದಿದೆಯೆಂಬುದು ನಿಜ. ಆದರೆ ಆ ಬಾಗಿಲಿಗೆ ಎತ್ತರದ ಹೊಸ್ತಿಲೊಂದಿದೆ. ಅದು ಭಾಷೆ. ಆ ಹೊಸ್ತಿಲನ್ನು ದಾಟುವ ಸಿದ್ಧತೆ ನಮ್ಮ ಮನೆಗಳಲ್ಲಿ ಹೇಗೆ ನಡೆಯುತ್ತಿದೆಯೆಂಬುದೇ ಇಂದು ನಮ್ಮ ಚಿಂತೆಯ ವಿಷಯ.

ಅಲ್ಲಿಗೆ ಹೋಗಿಯೇ ಭಾಷೆ ಕಲಿಯುವ ಏರ್ಪಾಡೂ ಇದೆ. ವಾರಕ್ಕೆ ಕನಿಷ್ಠ 18 ತರಗತಿಗಳಿರುವ ತೀವ್ರ ಭಾಷಾ ಶಿಕ್ಷಣಕ್ಕೆ ಸೇರುವವರಿಗೆ, ಹೆಚ್ಚೆಂದರೆ ಒಂದು ವರ್ಷದ ಅವಧಿಗೆ, ಪ್ರತ್ಯೇಕ ವೀಸಾ ದೊರೆಯುತ್ತದೆ. ಹೀಗಿರುವಾಗ ಹಲವು ಹೆತ್ತವರು ಕೇಳುವ ಪ್ರಶ್ನೆ ಸಹಜವೇ: ‘ಭಾಷೆ ಕಲಿಯಲೆಂದೇ ಹೋಗುತ್ತಿರುವಾಗ ಇಲ್ಲಿ ಕಲಿಯುತ್ತ ಕಾಲ ಕಳೆಯುವುದೇಕೆ? ನೀರಿಗಿಳಿಯದೆ ಈಜು ಬರುತ್ತದೆಯೇ?’ ನಮ್ಮ ಉತ್ತರವಿಷ್ಟೆ: ನೀರಿಗಿಳಿಯಲೇಬೇಕು, ಸರಿ. ಆದರೆ ಊರ ಕೆರೆಯಲ್ಲಿ ಕೈಕಾಲು ಆಡಿಸಲು ಕಲಿಯದವನನ್ನು ಮಳೆಗಾಲದ ಹೊಳೆಗೆ ಇಳಿಸುವವರು ಯಾರೂ ಇಲ್ಲ.

ಯುರೋಪಿನ ಭಾಷಾ ಕಲಿಕೆಗೆ ಆರು ಮೆಟ್ಟಿಲುಗಳಿವೆ: ಎ1, ಎ2, ಬಿ1, ಬಿ2, ಸಿ1, ಸಿ2. ಮೊದಲೆರಡರಲ್ಲಿ ಅಂಗಡಿ, ಬಸ್ಸು, ಹವಾಮಾನಗಳ ಸರಳ ಮಾತು. ಬಿ1ರಲ್ಲಿ ದಿನನಿತ್ಯದ ವ್ಯವಹಾರವನ್ನು ಸ್ವತಂತ್ರವಾಗಿ ನಡೆಸಬಲ್ಲಷ್ಟು ಜ್ಞಾನ. ಆಸ್ಪತ್ರೆಯಲ್ಲಿ ದಾದಿಯಾಗಿ ಮಾನ್ಯತೆ ಪಡೆಯಬೇಕಾದರೆ ಸಾಮಾನ್ಯವಾಗಿ ಬಿ2 ಬೇಕು. ಬೆಂಗಳೂರಿನಲ್ಲಿಯೂ ಶಾಖೆಯಿರುವ ಮ್ಯಾಕ್ಸ್ ಮುಲ್ಲರ್ ಭವನದ, ಎಂದರೆ ಗೊಯಟೆ ಸಂಸ್ಥೆಯ, ಬಿ1 ಪರೀಕ್ಷೆಯಲ್ಲಿ ಓದುವುದು, ಆಲಿಸುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ವಿಭಾಗಗಳಿವೆ. ಪ್ರತಿಯೊಂದರಲ್ಲಿಯೂ ನೂರಕ್ಕೆ 60 ಅಂಕ ಬರಬೇಕು. ಮೂರರಲ್ಲಿ ಗೆದ್ದು ಒಂದರಲ್ಲಿ ಸೋತರೆ ಆ ಒಂದನ್ನೇ ಮತ್ತೆ ಬರೆಯಲು ಅವಕಾಶವುಂಟು.

ಈ ನಾಲ್ಕರಲ್ಲಿ ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಆಲಿಸುವುದರಲ್ಲಿ. ನಮ್ಮ ಬಂಧುವರ್ಗದ ಹೆಣ್ಣುಮಗಳೊಬ್ಬಳು ಉಳಿದ ಮೂರರಲ್ಲಿ ಉತ್ತೀರ್ಣಳಾಗಿ ಇದೊಂದರಲ್ಲಿ ಎರಡು ಬಾರಿ ಸೋತಳು. ಪದಗಳು ಗೊತ್ತಿದ್ದವು, ವ್ಯಾಕರಣ ಗೊತ್ತಿತ್ತು. ಆದರೆ ಯಂತ್ರದಿಂದ ಹೊರಟ ಮಾತು ಅವಳ ಕಿವಿಯ ಹೊರಗೇ ಉಳಿಯುತ್ತಿತ್ತು. ಅವಳನ್ನು ಕಳುಹಿಸುವ ವ್ಯವಸ್ಥೆ ಮಾಡಿದ್ದ ಮಧ್ಯವರ್ತಿಯೊಬ್ಬರು, ‘ಇದಕ್ಕೆಲ್ಲ ಬೇರೆ ದಾರಿಯಿದೆ, ಪ್ರಮಾಣಪತ್ರದ ಚಿಂತೆ ನಮಗಿರಲಿ’ ಎಂದರು. ಮನೆಯಲ್ಲಿ ಎರಡು ರಾತ್ರಿ ನಿದ್ದೆಯಿಲ್ಲದೆ ಚರ್ಚೆ ನಡೆಯಿತು. ಚಿನ್ನ ಅಡವಿಟ್ಟಾಗಿತ್ತು, ನೆರೆಹೊರೆಯವರಿಗೆ ಹೇಳಿಯೂ ಆಗಿತ್ತು. ಹುಡುಗಿಗೆ ಬೇಕಾದದ್ದು ಪ್ರಮಾಣಪತ್ರವೊಂದೇ ಎಂದು ನಾವೂ ಒಂದು ಕ್ಷಣ ಯೋಚಿಸಿದ್ದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೊನೆಗೆ ಮಾತು ಮುಗಿಸಿದವಳು ತಾಯಿ. ‘ನಾಳೆ ರೋಗಿ ಏನು ಹೇಳಿದ ಎಂದು ಇವಳಿಗೆ ಅರ್ಥವಾಗದಿದ್ದರೆ ಆ ಕಾಗದ ತೋರಿಸುವುದೇ?’ ಎಂದಳು ಆಕೆ.

ಆ ಪ್ರಶ್ನೆ ಅಲ್ಲಿಗೇ ನಿಲ್ಲುವುದಿಲ್ಲ. ಜರ್ಮನ್ ಭಾಷೆಯಲ್ಲಿ ಮೂವತ್ತೈದು ಎನ್ನಲು ‘ಐದು ಮತ್ತು ಮೂವತ್ತು’ ಎನ್ನುತ್ತಾರೆ, ಐವತ್ತಮೂರಕ್ಕೆ ‘ಮೂರು ಮತ್ತು ಐವತ್ತು’. ಹತ್ತರ ಸ್ಥಾನವನ್ನು ಮೊದಲು ಕೇಳಿ ರೂಢಿಯಾದ ಕಿವಿ ದಣಿದ ಹೊತ್ತಿನಲ್ಲಿ 35ನ್ನು 53 ಎಂದು ಬರೆದುಕೊಳ್ಳುವುದು ಸುಲಭ. ಅಂಗಡಿಯಲ್ಲಿ ಆಗುವ ಈ ತಪ್ಪಿಗೆ ಬೆಲೆ ಕೆಲವು ನಾಣ್ಯಗಳು. ಔಷಧದ ಪ್ರಮಾಣ ಬರೆದುಕೊಳ್ಳುವಾಗ ಆಗುವ ಇದೇ ತಪ್ಪಿನ ಬೆಲೆಯನ್ನು ಯಾರೂ ತೆರಲಾರರು. ಕೊಂಡುಕೊಂಡ ಪ್ರಮಾಣಪತ್ರ ಅಪರಾಧವೆಂಬುದು ಒಂದು ಮಾತು. ಹಾಸಿಗೆ ಹಿಡಿದ ಅಪರಿಚಿತ ವೃದ್ಧೆಯೊಬ್ಬಳ ಮುಂದೆ ಹೇಳುವ ಸುಳ್ಳೂ ಅದೇ ಎಂಬುದು ಅದಕ್ಕಿಂತ ದೊಡ್ಡ ಮಾತು.

‘ಕೊಲ್ಲಿಗೆ ಹೋದ ನಮ್ಮ ಹಿರಿಯರು ಅರಬ್ಬಿ ಕಲಿತು ಹೋದರೇ?’ ಎಂದು ಕೇಳುವವರಿದ್ದಾರೆ. ಇಲ್ಲ. ಅಲ್ಲಿ ಇಂಗ್ಲಿಷ್, ಹಿಂದಿ, ಮಲಯಾಳಗಳಿಂದ ಕೆಲಸ ಸಾಗುತ್ತಿತ್ತು. ಸುತ್ತಲೂ ನಮ್ಮವರೇ ಇದ್ದರು, ಒಂದು ದಿನ ಊರಿಗೆ ಮರಳುವುದು ಖಚಿತವಿತ್ತು. ಜರ್ಮನಿಯ ಸ್ಥಿತಿ ಬೇರೆ. ಅಲ್ಲಿಯ ಕಚೇರಿಯ ಪತ್ರ, ಬಾಡಿಗೆಯ ಕರಾರು, ವಿಮೆಯ ಕಾಗದ ಎಲ್ಲವೂ ಜರ್ಮನ್ನಿನಲ್ಲಿ. ನೆರೆಮನೆಯವರೊಡನೆ ಎರಡು ಮಾತಾಡಲಾರದವನಿಗೆ ಚಳಿಗಾಲದ ಸಂಜೆ ನಾಲ್ಕೂವರೆಗೇ ಕವಿಯುವ ಕತ್ತಲೆ ಬಹಳ ದೀರ್ಘವಾಗುತ್ತದೆ. ಮಕ್ಕಳು ಅಲ್ಲಿಂದ ದೂರವಾಣಿಯಲ್ಲಿ ‘ಚೆನ್ನಾಗಿದ್ದೇನೆ’ ಎನ್ನುವಾಗ ಅದರ ಹಿಂದಿನ ಮೌನವನ್ನು ಕೇಳಬಲ್ಲ ತಾಯಂದಿರು ನಮ್ಮ ನಡುವೆ ಈಗಾಗಲೇ ಇದ್ದಾರೆ.

ಹಾಗೆಂದು ಈ ಭಾಷೆ ನಮ್ಮವರಿಗೆ ಎಟುಕದ ಹಣ್ಣೇನೂ ಅಲ್ಲ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಹಾಗೂ ಇಂಗ್ಲಿಷ್ ಕಲಿತು ಬೆಳೆಯುವ ನಮ್ಮ ಮಕ್ಕಳಿಗೆ ಹೊಸ ಭಾಷೆಯ ಭಯ ಇರಬೇಕಾಗಿಲ್ಲ. ಜರ್ಮನ್ನಿನಲ್ಲಿ ನಿರ್ಜೀವ ವಸ್ತುಗಳಿಗೂ ಮೂರು ಲಿಂಗಗಳಿರುವುದನ್ನು ಕಂಡು ಇಂಗ್ಲಿಷಿನ ಮೂಲಕ ಕಲಿಯುವವರು ಕಂಗೆಡುತ್ತಾರೆ. ಆದರೆ ಕೊಂಕಣಿಯಲ್ಲಿ ಮರ ಪುಲ್ಲಿಂಗ, ದಾರಿ ಸ್ತ್ರೀಲಿಂಗ, ಮನೆ ನಪುಂಸಕಲಿಂಗವೆಂಬುದನ್ನು ನಾವು ಯಾರಿಂದಲೂ ಹೇಳಿಸಿಕೊಳ್ಳದೆ ಕಲಿತವರು. ಜರ್ಮನ್ನಿನಲ್ಲಿಯೂ ಮರ ಪುಲ್ಲಿಂಗವೇ, ಮನೆ ನಪುಂಸಕವೇ. ಅಧೀನ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಹೋಗುವುದು ಕನ್ನಡಿಗನಿಗೆ ಅಚ್ಚರಿಯಲ್ಲ. ‘ನೀನು’, ‘ನೀವು’ ಎಂಬ ಭೇದವೂ ಅಲ್ಲಿದೆ. ಹಿರಿಯರನ್ನೂ ಅಪರಿಚಿತರನ್ನೂ ಬಹುವಚನದಿಂದ ಮಾತನಾಡಿಸಿ ಬೆಳೆದವನಿಗೆ ಅದು ಮನೆಯ ನಡವಳಿಕೆಯೇ.

ಆ ಹುಡುಗಿಯ ಮನೆಯಲ್ಲಿ ಮುಂದಿನ ಆರು ತಿಂಗಳು ಪಾಠ ನಡೆದದ್ದು ಅಡುಗೆಮನೆಯಲ್ಲಿ. ಏಳನೆಯ ತರಗತಿಯವರೆಗೆ ಓದಿದ ತಾಯಿ ಮಗಳ ಟಿಪ್ಪಣಿ ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿ ಬರೆಸಿಕೊಂಡ ಜರ್ಮನ್ ಪದಗಳನ್ನು ಓದಿ ಹೇಳುತ್ತಿದ್ದಳು, ಮಗಳು ಅರ್ಥ ಹೇಳಬೇಕು. ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚೂರಿ ನಪುಂಸಕ ಎಂದು ತಿಳಿದಾಗ ಆಕೆ, ‘ಒಂದೇ ತಟ್ಟೆಯ ಬದಿಯಲ್ಲಿ ಇಡೀ ಸಂಸಾರ’ ಎಂದು ನಕ್ಕಳಂತೆ. ರಾತ್ರಿ ಜಪಸರ ಮುಗಿದ ಮೇಲೆ ಅರ್ಧ ಗಂಟೆ ಜರ್ಮನ್ ವಾರ್ತೆಯನ್ನು ಮನೆಮಂದಿಯೆಲ್ಲ ಅರ್ಥವಾಗದೆಯೇ ಕೇಳಿದರು. ಮೂರನೆಯ ಬಾರಿ ಅವಳು ಉತ್ತೀರ್ಣಳಾದಳು. ಅಂಕ ಹೆಚ್ಚೇನೂ ಅಲ್ಲ, 60ಕ್ಕಿಂತ ಸ್ವಲ್ಪ ಮೇಲೆ. ಆದರೆ ಆ ಅಂಕ ಅವಳದೇ ಆಗಿತ್ತು.

ಇನ್ನು ಹಣದ ಮಾತು. ಜರ್ಮನಿಗೆ ಹೋಗುವ ವಿದ್ಯಾರ್ಥಿ ತನ್ನ ಜೀವನವೆಚ್ಚಕ್ಕೆ ಸಾಕಷ್ಟು ಹಣವನ್ನು ಮೊದಲೇ ನಿರ್ಬಂಧಿತ ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದಂತೆ ಈ ಮೊತ್ತ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ಭಾಷಾ ಶಿಕ್ಷಣಕ್ಕೆಂದೇ ಹೋಗುವವರಿಗೆ ಇನ್ನೂ ಶೇಕಡಾ 10 ಹೆಚ್ಚು. ಯೂರೋ ಒಂದಕ್ಕೆ ನೂರು ರೂಪಾಯಿಯ ಲೆಕ್ಕ ಹಿಡಿದರೆ 12 ಲಕ್ಷದ ಆಸುಪಾಸು. ಇದು ಯಾರಿಗೂ ಕೊಡುವ ಶುಲ್ಕವಲ್ಲ. ವಿದ್ಯಾರ್ಥಿಯ ಸ್ವಂತ ಹಣ, ತಿಂಗಳು ತಿಂಗಳು ಅವನಿಗೇ ದೊರೆಯುವಂಥದು. ಆದರೆ ಹಲವು ಮನೆಗಳಲ್ಲಿ ಇದನ್ನು ‘ತೋರಿಸುವ ಹಣ’ವೆಂದು ತಿಳಿದು ಕೈಸಾಲ ತರುತ್ತಾರೆ, ಮಗ ತಲುಪಿದ ಕೂಡಲೇ ಮರಳಿ ಕಳುಹಿಸುತ್ತಾನೆಂಬ ಭರವಸೆಯಲ್ಲಿ. ಅದು ತೋರಿಸುವ ಹಣವಲ್ಲ, ಉಣ್ಣುವ ಹಣ. ಅದನ್ನು ಹಿಂದಕ್ಕೆ ಕಳುಹಿಸಿದವನು ಅಲ್ಲಿ ತರಗತಿ ಬಿಟ್ಟು ಕೂಲಿ ಹುಡುಕುತ್ತಾನೆ, ತರಗತಿ ತಪ್ಪಿದರೆ ವೀಸಾದ ಆಧಾರವೇ ತಪ್ಪುತ್ತದೆ. ಭಾಷಾ ಶಿಕ್ಷಣದ ವೀಸಾ ತಾನಾಗಿ ಉದ್ಯೋಗದ ಪರವಾನಿಗೆಯಾಗುವುದಿಲ್ಲವೆಂಬುದನ್ನೂ ಹೆತ್ತವರು ಅರಿತಿರಬೇಕು.

ಮತ್ತೊಂದು ವಿಷಯವನ್ನು ನಮ್ಮ ಕುಟುಂಬಗಳಿಗೆ ಯಾವ ಮಧ್ಯವರ್ತಿಯೂ ಹೇಳುವುದಿಲ್ಲ. ಜರ್ಮನಿಯಲ್ಲಿ ಮನೆ ಹೊಕ್ಕ ಎರಡು ವಾರಗಳೊಳಗೆ ಸ್ಥಳೀಯ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ಧರ್ಮವನ್ನೂ ಕೇಳುತ್ತಾರೆ. ಕಥೊಲಿಕನೆಂದು ಬರೆಸಿದವನು ಆದಾಯ ತೆರಿಗೆ ಕಟ್ಟುವಷ್ಟು ಗಳಿಸತೊಡಗಿದಾಗ ಆ ತೆರಿಗೆಯ ಶೇಕಡಾ 9ರಷ್ಟನ್ನು, ಬವೇರಿಯ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಾದರೆ ಶೇಕಡಾ 8ರಷ್ಟನ್ನು, ಧರ್ಮಸಭೆಯ ತೆರಿಗೆಯಾಗಿ ಕೊಡಬೇಕು. ಆದಾಯ ತೆರಿಗೆಯಿಲ್ಲದ ವಿದ್ಯಾರ್ಥಿಗೆ ಈ ಹೊರೆಯಿಲ್ಲ. ಹಾಗಿದ್ದೂ ‘ಧರ್ಮವಿಲ್ಲವೆಂದು ಬರೆಸಿಬಿಡು, ದುಡ್ಡು ಉಳಿಯುತ್ತದೆ’ ಎಂಬ ಸಲಹೆ ಮೊದಲು ಹೋದ ಗೆಳೆಯರಿಂದಲೇ ಬರುತ್ತದೆ. ಇನ್ನು ಕೆಲವರು ಗಳಿಕೆ ಆರಂಭವಾದ ಮೇಲೆ ಸರಕಾರಿ ಕಚೇರಿಗೆ ಹೋಗಿ ಧರ್ಮಸಭೆಯನ್ನು ಬಿಟ್ಟೆವೆಂದು ಬರೆದುಕೊಡುತ್ತಾರೆ. ಹಾಗೆ ಬರೆದುಕೊಟ್ಟವರು ಪಾಪನಿವೇದನೆ, ಪರಮಪ್ರಸಾದಾದಿ ಸಂಸ್ಕಾರಗಳನ್ನು ಸ್ವೀಕರಿಸುವಂತಿಲ್ಲ, ಜ್ಞಾನಸ್ನಾನದಲ್ಲಿ ದೇವಪಿತ ದೇವಮಾತೆಯಾಗಿ ನಿಲ್ಲುವಂತಿಲ್ಲವೆಂದು ಜರ್ಮನಿಯ ಧರ್ಮಾಧ್ಯಕ್ಷರು 2012ರಲ್ಲಿ ಆದೇಶ ಹೊರಡಿಸಿದ್ದಾರೆ. ಆ ತೆರಿಗೆಯ ಪದ್ಧತಿಯನ್ನು ಒಪ್ಪುವುದು, ಬಿಡುವುದು ಅವರವರ ವಿಚಾರ. ಆದರೆ ಅರ್ಥವಾಗದ ಭಾಷೆಯ ನಮೂನೆಯೊಂದರಲ್ಲಿ, ಗೆಳೆಯ ತೋರಿಸಿದ ಜಾಗದಲ್ಲಿ ಸಹಿ ಹಾಕಿ ನಮ್ಮ ಮಕ್ಕಳು ತಮ್ಮ ಜ್ಞಾನಸ್ನಾನದ ಹೆಸರನ್ನೇ ಹೊಡೆದುಹಾಕುವಂತಾಗಬಾರದು. ಭಾಷೆಯ ಅಜ್ಞಾನ ಎಲ್ಲಿಯವರೆಗೆ ತಲುಪುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಇತಿಹಾಸವೂ ನಮಗೆ ಪಾಠ ಹೇಳುತ್ತದೆ. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಜರ್ಮನಿಯಿಂದ ಬಂದ ಫೆರ್ಡಿನಂಡ್ ಕಿಟ್ಟೆಲ್ ಕನ್ನಡದ ಮಹಾಕೋಶವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು 1894ರಲ್ಲಿ, ನಾಲ್ವತ್ತೊಂದು ವರ್ಷಗಳ ಅನಂತರ. ಯೇಸು ಸಭೆಯ ಇಟಲಿಯ ಗುರು ಆಂಜೆಲೊ ಮಾಫೆಯಿ ನಮ್ಮ ಕೊಂಕಣಿ ಕಲಿತು 1882ರಲ್ಲಿ ಅದರ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಹೊರತಂದರು. ಅವರು ನಮ್ಮ ಅಂಗಳಕ್ಕೆ ಬಂದು ನಮ್ಮ ಮಾತನ್ನು ನಮ್ಮ ಹಿರಿಯರ ಬಾಯಿಂದ ಕಲಿತರು. ಈಗ ನಮ್ಮ ಮಕ್ಕಳು ಅವರ ಅಂಗಳಕ್ಕೆ ಹೋಗುತ್ತಿದ್ದಾರೆ. ಅವರು ತೋರಿದ ತಾಳ್ಮೆಯಲ್ಲಿ ಒಂದು ವರ್ಷದಷ್ಟನ್ನಾದರೂ ನಾವು ತೋರಬಾರದೇ? 1960ರ ದಶಕದಲ್ಲಿಯೇ ಕೇರಳದ ಕಥೊಲಿಕ ಯುವತಿಯರು ದಾದಿಯರಾಗಲು ಜರ್ಮನಿಗೆ ಹೋದರು. ನೆರೆರಾಜ್ಯದವರ ಆ ಅನುಭವದಿಂದಲೂ ಕಲಿಯುವುದು ಬಹಳಷ್ಟಿದೆ.

‘ಕಾಯುತ್ತ ಕುಳಿತರೆ ವಯಸ್ಸು ಮೀರುತ್ತದೆ, ಸಾಲಕ್ಕೆ ಬಡ್ಡಿ ಏರುತ್ತದೆ’ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಆದುದರಿಂದಲೇ ಸಾಲಕ್ಕೆ ಮೊದಲು ಭಾಷೆ, ಭಾಷೆಯ ಅನಂತರ ಸಾಲ ಎಂಬ ಕ್ರಮವಿರಲಿ. ಬಿ1 ಇಲ್ಲಿಯೇ ಪ್ರಾಮಾಣಿಕವಾಗಿ ಮುಗಿಯಲಿ, ಅಲ್ಲಿಗೆ ಹೋಗಿ ಬಿ2 ಕಲಿಯಲಿ. ನಮ್ಮ ಧರ್ಮಕೇಂದ್ರಗಳ ಸಭಾಂಗಣಗಳು ವಾರದ ಐದು ಸಂಜೆ ಬೀಗ ಹಾಕಿಕೊಂಡಿರುತ್ತವೆ. ಅಲ್ಲಿ ಅಭ್ಯಾಸದ ಕೂಟವೊಂದನ್ನು ನಡೆಸುವುದು ಕಷ್ಟವೇ? ರಜೆಯಲ್ಲಿ ಊರಿಗೆ ಬರುವ ಜರ್ಮನಿವಾಸಿಗಳನ್ನು ಸನ್ಮಾನಿಸಿ ಶಾಲು ಹೊದಿಸಿ ಕಳುಹಿಸುವ ಬದಲು ಹೊರಡಲಿರುವ ಮಕ್ಕಳೊಡನೆ ಎರಡು ಗಂಟೆ ಕುಳ್ಳಿರಿಸಿದರೆ, ಅವರು ಗೆದ್ದ ಕಥೆಯೊಂದಿಗೆ ಅತ್ತ ಕಥೆಯನ್ನೂ ಹೇಳಿದರೆ, ಆ ಶಾಲಿಗಿಂತ ಬೆಲೆಬಾಳುವ ಸೇವೆಯಾದೀತು.

ಆ ಹೆಣ್ಣುಮಗಳು ಕಳೆದ ವರ್ಷ ಹೊರಟಳು. ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಳಿಯ ಅಂಗಿ, ಜ್ಞಾನಸ್ನಾನದ ಪ್ರಮಾಣಪತ್ರ, ತಾಯಿಯ ಕೈಯಲ್ಲಿ ಸವೆದ ಆ ಟಿಪ್ಪಣಿ ಪುಸ್ತಕ. ಮೊದಲ ಭಾನುವಾರ ಅಲ್ಲಿಯ ಇಗರ್ಜಿಗೆ ಹೋದಾಗ ಪ್ರಸಂಗದ ಅರ್ಧ ಮಾತ್ರ ತಿಳಿಯಿತು, ಆದರೆ ಬಾಗಿಲಲ್ಲಿ ವೃದ್ಧೆಯೊಬ್ಬಳು ಕೇಳಿದ ಪ್ರಶ್ನೆ ಪೂರ್ತಿ ತಿಳಿಯಿತು ಎಂದು ಅವಳು ತಾಯಿಗೆ ಹೇಳಿದಳು. ಪ್ರಶ್ನೆ ಇಷ್ಟೆ: ‘ನೀವು ಎಲ್ಲಿಂದ ಬಂದಿರಿ?’ ಅವಳು ಉತ್ತರ ಕೊಟ್ಟಳು, ವೃದ್ಧೆ ಮತ್ತೊಂದು ಪ್ರಶ್ನೆ ಕೇಳಿದಳು. ನಮ್ಮ ಮಕ್ಕಳಿಗೆ ಪರದೇಶದಲ್ಲಿ ಬೇಕಾದದ್ದು ಆ ಎರಡನೆಯ ಪ್ರಶ್ನೆಯವರೆಗೆ ನಿಲ್ಲುವ ಶಕ್ತಿ. ಅದನ್ನು ಗಳಿಸಿಕೊಟ್ಟು ಕಳುಹಿಸುವುದು ಹೆತ್ತವರ ಹೊಣೆ, ಸಮುದಾಯದ ಹೊಣೆ.