ಮಂತ್ರಾಲಯಕ್ಕೆ ಹೋದವರು ಆದವಾನಿಯನ್ನೂ ನೋಡಿ ಬರಲಿ

ಶಾಲೆಗಳಿಗೆ ರಜೆ ಬಂತೆಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂಬ ಪ್ರಶ್ನೆ ಮನೆಮನೆಯಲ್ಲೂ ಏಳುತ್ತದೆ. ಅನುಕೂಲಸ್ಥರು ಊಟಿ, ಕೊಡೈಕೆನಾಲ್ ಎನ್ನುತ್ತಾರೆ. ವಿದೇಶಗಳಲ್ಲಿ ದುಡಿಯುವ ನಮ್ಮವರಲ್ಲಿ ಕೆಲವರು ಸಂಸಾರಸಮೇತ ಸ್ಪೇನ್ ದೇಶದ ದಕ್ಷಿಣ ಭಾಗಕ್ಕೂ ಹೋಗಿ ಬರುವುದುಂಟು. ಅಲ್ಲಿನ ಕೊರ್ಡೋಬಾ ನಗರದಲ್ಲಿ ಎಂಟನೆಯ ಶತಮಾನದಲ್ಲಿ ಕಟ್ಟಲಾರಂಭಿಸಿದ ಮಸೀದಿಯು 1236ರಿಂದೀಚೆಗೆ ಇಗರ್ಜಿಯಾಗಿದೆ. ಗ್ರನಾಡಾದ ಗುಡ್ಡದ ಮೇಲೆ, 1492ರಲ್ಲಿ ರಾಜ್ಯ ಕಳಕೊಂಡ ಮುಸ್ಲಿಂ ಅರಸರ ಅರಮನೆಯಿದೆ. ಒಂದೇ ನೆಲದಲ್ಲಿ ಹಲವು ಜನಾಂಗಗಳು ಬಾಳಿ ಬಿಟ್ಟುಹೋದ ಗುರುತುಗಳನ್ನು ಮಕ್ಕಳಿಗೆ ತೋರಿಸುವುದು ಒಳ್ಳೆಯ ಸಂಗತಿಯೇ. ಆದರೆ ಅದೇ ಪಾಠವನ್ನು ಕಲಿಸುವ, ಅದಕ್ಕಿಂತ ಮಿಗಿಲಾಗಿ ನಮ್ಮದೇ ಸ್ಥಿತಿಯನ್ನು ನಮಗೆ ತಿಳಿಸಿಕೊಡುವ ಊರೊಂದು ನಮ್ಮ ಯಾತ್ರೆಯ ದಾರಿಯ ಬದಿಯಲ್ಲೇ ಇದ್ದರೂ ನಾವು ಅದನ್ನು ಗಮನಿಸುತ್ತಿಲ್ಲ. ಆ ಊರು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಆದವಾನಿ. ಇಂದಿನ ನಕ್ಷೆಗಳಲ್ಲಿ ಅದರ ಹೆಸರು ಆದೋನಿ.

ಕಾಸರಗೋಡಿನಿಂದ ಮಂತ್ರಾಲಯಕ್ಕೆ ಹೋಗುವ ಕುಟುಂಬಗಳಿಗೆ ಕೊರತೆಯಿಲ್ಲ. ರಾತ್ರಿ ಬಸ್ಸು ಹಿಡಿದು ಹೋಗಿ, ತುಂಗಭದ್ರೆಯಲ್ಲಿ ಮಿಂದು, ರಾಯರ ದರ್ಶನ ಪಡೆದು, ಪರಿಮಳ ಪ್ರಸಾದ ಕಟ್ಟಿಸಿಕೊಂಡು ಮರುದಿನವೇ ಹಿಂತಿರುಗುವುದು ವಾಡಿಕೆ. ಮಂತ್ರಾಲಯದಿಂದ ಆದವಾನಿಗೆ ಬಸ್ಸಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಬೆಂಗಳೂರಿನಿಂದ ಗುಂತಕಲ್ ಮಾರ್ಗವಾಗಿ ರೈಲಿನಲ್ಲಿ ಹೋಗುವವರಿಗಂತೂ ಮಂತ್ರಾಲಯ ರೋಡ್ ನಿಲ್ದಾಣಕ್ಕೆ ಮೊದಲೇ ಆದವಾನಿ ಸಿಗುತ್ತದೆ. ಯಾತ್ರೆಗೆ ಇನ್ನೊಂದು ದಿನ ಸೇರಿಸಿಕೊಂಡರೆ ಸಾಕು.

ಅಷ್ಟಕ್ಕೂ ಮಂತ್ರಾಲಯದ ಕಥೆಯೇ ಆದವಾನಿಯಿಂದ ಆರಂಭವಾಗುತ್ತದೆ. ರಾಘವೇಂದ್ರ ಸ್ವಾಮಿಗಳು ಬೃಂದಾವನ ಪ್ರವೇಶ ಮಾಡಿದ್ದು 1671ರಲ್ಲಿ. ಆ ಮಂಚಾಲೆ ಗ್ರಾಮವನ್ನು ಅವರಿಗೆ ಒಪ್ಪಿಸಿಕೊಟ್ಟವನು ಆದವಾನಿಯ ಅಧಿಪತಿ ಸಿದ್ದಿ ಮಸೂದ್ ಖಾನ್ ಎಂದು ಮಠದ ಪರಂಪರೆ ಹೇಳುತ್ತದೆ. ಈತ ಅಬಿಸೀನಿಯಾ ಮೂಲದವನು, ಬಿಜಾಪುರದ ಆದಿಲ್ ಶಾಹಿಗಳ ಸರದಾರ. ಆದವಾನಿಯಲ್ಲಿ ಇಂದಿಗೂ ಗಾಂಭೀರ್ಯದಿಂದ ನಿಂತಿರುವ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನೂ ಇವನೇ. 1680ರ ದಶಕದ ಕೊನೆಗೆ ಔರಂಗಜೇಬನ ಸೈನ್ಯ ಕೋಟೆಯನ್ನು ಮುತ್ತಿದಾಗ ಎದುರಾಳಿ ಸೇನಾಪತಿ ಫಿರಂಗಿಗಳನ್ನು ಕೋಟೆಯ ಬದಲು ಈ ಮಸೀದಿಯತ್ತ ತಿರುಗಿಸಿದನಂತೆ. ತಾನು ಪ್ರೀತಿಯಿಂದ ಕಟ್ಟಿಸಿದ ಮಸೀದಿ ಪುಡಿಯಾಗುವುದನ್ನು ನೋಡಲಾರದೆ ಮಸೂದ್ ಖಾನ್ ಕೋಟೆಯನ್ನೇ ಬಿಟ್ಟುಕೊಟ್ಟನೆಂಬುದು ಐತಿಹ್ಯ. ಆಫ್ರಿಕಾ ಮೂಲದ ಮುಸ್ಲಿಂ ಸರದಾರ, ಕನ್ನಡ ಪರಂಪರೆಯ ಮಾಧ್ವ ಯತಿ, ತುಂಗಭದ್ರೆಯ ದಂಡೆಯ ಹಳ್ಳಿ: ಇವಿಷ್ಟನ್ನೂ ಸೇರಿಸಿ ಹೇಳಿದರೆ ಮಕ್ಕಳು ಮರೆಯಲಾರರು. ಕೊರ್ಡೋಬಾದಲ್ಲಿ ಕಲಿಯುವುದಕ್ಕಿಂತ ಇದೇನೂ ಕಡಮೆಯ ಪಾಠವಲ್ಲ.

ಊರಿನ ಪಕ್ಕದ ಬಂಡೆಗುಡ್ಡಗಳ ಮೇಲೆ ಹಬ್ಬಿರುವ ಕೋಟೆಯು ವಿಜಯನಗರದ ಕಾಲದಲ್ಲಿ ಪ್ರಬಲವಾಗಿದ್ದು, 1565ರ ತಾಳಿಕೋಟೆ ಯುದ್ಧದ ನಂತರ ಬಿಜಾಪುರದವರ ಕೈಸೇರಿತು. ಮುಂದೆ ಮೊಗಲರದಾಯಿತು, ನಿಜಾಮನದಾಯಿತು. 1786ರಲ್ಲಿ ಟಿಪ್ಪು ಸುಲ್ತಾನ ಸುಮಾರು ಒಂದು ತಿಂಗಳು ಮುತ್ತಿಗೆ ಹಾಕಿ ಇದನ್ನು ಗೆದ್ದು ಗೋಡೆಗಳನ್ನು ಕೆಡವಿಸಿದ. ಕೊನೆಗೆ 1800ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಪ್ರದೇಶಗಳ ಜೊತೆಗೆ ಆದವಾನಿಯೂ ಹೋಯಿತು.

ಇಲ್ಲಿ ನಮ್ಮ ಮಕ್ಕಳಿಗೆ ಬೇಕಲ ಕೋಟೆಯನ್ನು ನೆನಪಿಸಬೇಕು. ಇಕ್ಕೇರಿಯ ನಾಯಕರಿಂದ ಹೈದರನಿಗೆ, ಟಿಪ್ಪುವಿಗೆ, 1799ರಲ್ಲಿ ಇಂಗ್ಲಿಷರಿಗೆ ಎಂಬ ಬೇಕಲದ ಕಥೆಗೂ ಆದವಾನಿಯ ಕಥೆಗೂ ಬಹಳ ಹೋಲಿಕೆಯಿದೆ. ಅಷ್ಟೇ ಅಲ್ಲ, ಎರಡೂ ಕಡೆಯ ಕಂದಾಯ ವ್ಯವಸ್ಥೆಗೆ ಕೈಹಾಕಿದವನೂ ಒಬ್ಬನೇ. 1799ರಲ್ಲಿ ಕೆನರಾದ ಕಲೆಕ್ಟರನಾಗಿ ನಮ್ಮ ಗದ್ದೆ ತೋಟಗಳ ಲೆಕ್ಕ ಹಿಡಿದ ತಾಮಸ್ ಮನ್ರೋ, ಮರುವರ್ಷ ಬಳ್ಳಾರಿ ಸೀಮೆಗೆ ಹೋಗಿ ಆದವಾನಿಯ ಹೊಲಗಳ ಲೆಕ್ಕ ಹಿಡಿದ. ಮುಂದೆ ಮದ್ರಾಸಿನ ಗವರ್ನರನಾಗಿದ್ದಾಗ ಅದೇ ಸೀಮೆಯ ಪತ್ತಿಕೊಂಡದಲ್ಲಿ 1827ರಲ್ಲಿ ಕಾಲರಾ ತಗುಲಿ ತೀರಿಕೊಂಡ. ಅಂದಿನಿಂದ ಒಂದೂವರೆ ಶತಮಾನದಷ್ಟು ಕಾಲ ನಾವೂ ಅವರೂ ಮದ್ರಾಸಿನ ಆಡಳಿತದಲ್ಲಿದ್ದವರು. ನಾವು ದಕ್ಷಿಣ ಕನ್ನಡ ಜಿಲ್ಲೆ, ಅವರು ಬಳ್ಳಾರಿ ಜಿಲ್ಲೆ.

ಆ ಬಳಿಕ ನಡೆದುದನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಹೆಚ್ಚಿನ ಭಾಗ ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದುವು. ಮೂರು ವರ್ಷಗಳ ತರುವಾಯ, 1956ರ ನವೆಂಬರ್ 1ರಂದು, ನಮ್ಮ ಸರದಿ ಬಂತು. ನಮಗೆ 1967ರ ಮಹಾಜನ ಆಯೋಗದ ವರದಿಯಾದರೂ ಒಂದು ಆಧಾರವಾಗಿ ಉಳಿಯಿತು. ಆಯೋಗದ ವಿಚಾರಣೆಯ ವ್ಯಾಪ್ತಿಯಲ್ಲಿ ಆಂಧ್ರದ ಗಡಿ ಇರಲೇ ಇಲ್ಲವಾದ್ದರಿಂದ ಆದವಾನಿಯವರಿಗೆ ಅಷ್ಟೂ ಇಲ್ಲ.

ತೆಲುಗರನ್ನು ದೂರುವುದಕ್ಕಾಗಿ ಈ ಮಾತನ್ನು ಬರೆಯುತ್ತಿಲ್ಲ. ಆದವಾನಿಯಲ್ಲಿ ತೆಲುಗರೂ ಉರ್ದು ಮಾತಾಡುವವರೂ ಕನ್ನಡಿಗರೂ ಬಹುಕಾಲದಿಂದ ಒಟ್ಟಿಗೆ ಬಾಳಿದ್ದಾರೆ. ಹತ್ತಿ, ಶೇಂಗಾ ವ್ಯಾಪಾರದ ಆ ಪೇಟೆಯಲ್ಲಿ ಒಬ್ಬನೇ ಅಂಗಡಿಯವನು ಮೂರು ಭಾಷೆಗಳಲ್ಲಿ ಗಿರಾಕಿಗಳೊಡನೆ ಮಾತಾಡುವುದನ್ನು ಕೇಳಬಹುದು. ಬೆಳಗ್ಗಿನ ಉಗ್ಗಾಣಿ-ಬಜ್ಜಿ ಕರ್ನೂಲಿನದೋ ಬಳ್ಳಾರಿಯದೋ ಎಂದು ಯಾರೂ ಜಗಳಾಡುವುದಿಲ್ಲ. ತುಳು, ಮಲಯಾಳ, ಕೊಂಕಣಿ, ಮರಾಠಿಗಳ ನಡುವೆ ಬೆಳೆದ ನಮಗೆ ಇದು ಅಪರಿಚಿತ ಲೋಕವಲ್ಲ.

ಆದರೆ ಕನ್ನಡ ಅಲ್ಲಿಗೆ ನಿನ್ನೆ ಮೊನ್ನೆ ವಲಸೆ ಹೋದ ಭಾಷೆಯೂ ಅಲ್ಲ. ಊರುಗಳ ಹೆಸರನ್ನೇ ನೋಡಬಹುದು: ಹಾಲಹರವಿ, ಹೊಳಗುಂದ, ಹತ್ತಿಬೆಳಗಲ್, ದೇವರಗಟ್ಟು. ಕನ್ನಡದ ಹಾಲು ತೆಲುಗಿನಲ್ಲಿ ಪಾಲು, ಕನ್ನಡದ ಹತ್ತಿ ತೆಲುಗಿನಲ್ಲಿ ಪತ್ತಿ. ಆ ಹಕಾರವೇ ಸಾಕ್ಷಿ ಹೇಳುತ್ತದೆ. ಆದವಾನಿಯ ಬಳಿಯ ತುಂಬಳದಲ್ಲಿ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು 1939ರಿಂದ ಸಂಪುಟವಾಗಿ ಅಚ್ಚು ಹಾಕಿದಾಗ ಈ ಸೀಮೆಯ ಕಲ್ಲುಗಳು ಅದರಲ್ಲಿ ಸ್ಥಾನ ಪಡೆದುವು. ಹರಿದಾಸರಲ್ಲಿ ಹಿರಿಯರಾದ ವಿಜಯದಾಸರು 1755ರಲ್ಲಿ ದೇಹವಿಟ್ಟದ್ದು ಆಲೂರು ಸೀಮೆಯ ಚಿಪ್ಪಗಿರಿಯಲ್ಲಿ. ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ದೀಪ ಹಚ್ಚಿ ಹಾಡುವ ದಾಸರ ಪದಗಳ ಒಂದು ತವರು ಆಂಧ್ರದಲ್ಲಿದೆಯೆಂದು ಎಷ್ಟು ಮಕ್ಕಳು ಬಲ್ಲರು?

2021ರಲ್ಲಿ ನಮ್ಮ ಜಿಲ್ಲೆಯ ಊರುಗಳ ಕನ್ನಡ ಹೆಸರುಗಳನ್ನು ಬದಲಿಸಲಾಗುತ್ತದೆಂಬ ಸುದ್ದಿ ಹಬ್ಬಿ ದೊಡ್ಡ ಗದ್ದಲವಾದುದು ಓದುಗರಿಗೆ ನೆನಪಿದೆ. ಸರಕಾರ ಅದನ್ನು ನಿರಾಕರಿಸಿತು. ಆದರೆ ಒಂದು ಹೆಸರು ಉಳಿಯುವುದು ಸರಕಾರದ ಆಶ್ವಾಸನೆಯಿಂದ ಮಾತ್ರವಲ್ಲ, ಅದರ ಅರ್ಥ ಬಲ್ಲವರು ಊರಿನಲ್ಲಿ ಇರುವುದರಿಂದ. ಹಾಲಹರವಿಯ ಹಾಲು ಯಾವ ಹಾಲೆಂದು ಕೇಳುವ ಮಗು, ನಾಳೆ ತನ್ನ ಊರಿನ ಹೆಸರಿನ ಅರ್ಥವನ್ನೂ ಕೇಳುತ್ತದೆ. ಗೋವಿಂದ ಪೈಗಳ ಊರಿನವರಾದ ನಮಗೆ ಹೆಸರುಗಳ, ಶಾಸನಗಳ ಬೆಲೆಯನ್ನು ಹೊರಗಿನವರು ಬಂದು ಕಲಿಸಬೇಕಾಗಬಾರದು.

ಆ ಗಡಿ ಮಂಡಲಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಅಲ್ಲಿಯ ಮಕ್ಕಳಿಗೆ ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು. ಹೆತ್ತವರ ಆಸೆ ಇಂಗ್ಲಿಷಿನ ಕಡೆಗೆ. ತೆಲುಗು ಇದ್ದಲ್ಲಿ ಮಲಯಾಳ ಎಂದು ಬರೆದುಕೊಂಡರೆ ಅದು ನಮ್ಮದೇ ವೃತ್ತಾಂತ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂಬ ಸಂವಿಧಾನದ 350ಎ ವಿಧಿ ಅವರಿಗೂ ನಮಗೂ ಒಂದೇ. ಹೀಗಿರುವಾಗ ಒಂದು ಜಿಲ್ಲೆಯ ಅಲ್ಪಸಂಖ್ಯಾತರಿಗೆ ಇನ್ನೊಂದು ಜಿಲ್ಲೆಯವರ ಪರಿಚಯವೇ ಇಲ್ಲದಿರುವುದು ಸರಿಯಲ್ಲ. ನಾವು ಬೆಂಗಳೂರಿನ ಕಡೆಗೆ ಮುಖ ಮಾಡಿ ಮನವಿ ಬರೆಯುತ್ತೇವೆ, ಅವರೂ ಬೆಂಗಳೂರಿನ ಕಡೆಗೆ ಮುಖ ಮಾಡಿ ಬರೆಯುತ್ತಾರೆ. ಪರಸ್ಪರ ಒಂದು ಕಾಗದ ಬರೆದುಕೊಂಡವರು ಎಷ್ಟು ಮಂದಿ?

ಆದುದರಿಂದ ಎರಡು ಸಲಹೆಗಳನ್ನು ಮುಂದಿಡಬಹುದು. ಮಂತ್ರಾಲಯಕ್ಕೆ ಹೋಗುವ ಕುಟುಂಬಗಳು ಆದವಾನಿಗೆ ಒಂದು ದಿನ ಮೀಸಲಿಡಲಿ. ಬೇಸಗೆಯಲ್ಲಿ ಆ ಸೀಮೆಯ ಬಿಸಿಲು ಮಕ್ಕಳಿಗೆ ತಡೆಯದು. ಕ್ರಿಸ್‌ಮಸ್ ರಜೆಯೇ ಅನುಕೂಲ. ಕೋಟೆಗೆ ಬೆಳಗ್ಗೆ ಬೇಗ ಹತ್ತಬೇಕು, ನೀರು ಕೊಂಡೊಯ್ಯಬೇಕು. ಸಮಯವಿದ್ದವರು ಕೈಮಗ್ಗದ ಊರಾದ ಎಮ್ಮಿಗನೂರನ್ನೂ, ಪತ್ತಿಕೊಂಡದ ಆಚೆಗೆ ಎರ್ರಗುಡಿಯ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನೂ ನೋಡಬಹುದು. ಎರ್ರಗುಡಿಯ ಒಂದು ಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ. ಮಕ್ಕಳಿಗೆ ಅದೊಂದು ಮೋಜು.

ಎರಡನೆಯ ಸಲಹೆ ನಮ್ಮ ಕನ್ನಡ ಶಾಲೆಗಳ ಅಧ್ಯಾಪಕ ರಕ್ಷಕ ಸಂಘಗಳಿಗೆ. ವರ್ಷಕ್ಕೊಮ್ಮೆ ಮಾಡುವ ಪ್ರವಾಸವನ್ನು ಒಂದು ವರ್ಷವಾದರೂ ಆ ಕಡೆಗೆ ತಿರುಗಿಸಿ, ಅಲ್ಲಿನ ಒಂದು ಕನ್ನಡ ಶಾಲೆಗೆ ಮೊದಲೇ ಪತ್ರ ಬರೆದು, ಒಂದು ಪೆಟ್ಟಿಗೆ ಕಥೆಪುಸ್ತಕಗಳೊಂದಿಗೆ ಹೋಗಲಿ. ನಮ್ಮ ಮಕ್ಕಳು ಅಲ್ಲಿಯವರೊಡನೆ ಅರ್ಧ ದಿನ ಕಳೆಯಲಿ. ಉಚ್ಚಾರಣೆ ಬೇರೆ, ಊಟ ಬೇರೆ. ನಾವು ಕುಚ್ಚಲಕ್ಕಿಯವರು, ಅವರು ಜೋಳದ ರೊಟ್ಟಿಯವರು. ಆದರೂ ಮಾತಿಗೆ ದುಭಾಷಿ ಬೇಡ. ಕರ್ನಾಟಕದ ಹೊರಗೆ ಕನ್ನಡದಲ್ಲಿ ಕಲಿಯುತ್ತಿರುವವರು ತಾವು ಮಾತ್ರವಲ್ಲವೆಂದು ಆ ಮಕ್ಕಳಿಗೆ ತಿಳಿದರೆ, ಪ್ರವಾಸದ ಖರ್ಚು ದಂಡವಾಗಲಿಲ್ಲವೆಂದೇ ಅರ್ಥ.