ಬಿತ್ತನೆ ಕಾಳಿನ ಔತಣ

ಬರ ಬಂದ ವರ್ಷವೂ ಬಿತ್ತನೆಗೆಂದು ಎತ್ತಿಟ್ಟ ಕಾಳಿಗೆ ಕೈಹಾಕಬಾರದೆಂಬುದು ನಮ್ಮ ಒಕ್ಕಲು ಮನೆಗಳ ಹಳೆಯ ಕಟ್ಟಳೆ. ಬರವೇನೂ ಇಲ್ಲದಿರುವಾಗ, ಪೆಟ್ಟಿಗೆಯಲ್ಲಿ ಹಣ ತುಂಬಿರುವಾಗ, ಈ ವರ್ಷದ ಊಟವೊಂದು ಭರ್ಜರಿಯಾಗಲೆಂದು ಆ ಕಾಳನ್ನು ಮಾರಿದವರನ್ನು ಏನೆನ್ನಬೇಕು? ಕ್ರೀಡಾಲೋಕ ಅವರನ್ನು ಧೈರ್ಯಶಾಲಿಗಳೆನ್ನುತ್ತದೆ. ನಾವು ಹಾಗೆನ್ನಲಾರೆವು.

ಮೊದಲು ದೂರದ ಒಂದು ಉದಾಹರಣೆ. ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಎಳೆಯ ಆಟಗಾರರನ್ನು ತಂಡಗಳು ಪ್ರತಿವರ್ಷ ಸರದಿಯಂತೆ ಆರಿಸಿಕೊಳ್ಳುತ್ತವೆ. ಸೋತ ತಂಡಕ್ಕೆ ಮುಂಚಿನ ಸರದಿ, ಗೆದ್ದದ್ದಕ್ಕೆ ಕಡೆಯದು. ಬಿದ್ದವನು ಏಳಲೆಂಬ ನ್ಯಾಯವಾದ ಏರ್ಪಾಡು ಅದು. ಆದರೆ ಆ ಸರದಿಯನ್ನೇ ಮಾರಿಕೊಳ್ಳಲೂ ಅವಕಾಶವಿದೆ. ಟೊರೊಂಟೊ ಮೇಪಲ್ ಲೀಫ್ಸ್ ತಂಡ 2009ರಲ್ಲಿ ಫಿಲ್ ಕೆಸೆಲ್ ಎಂಬ ಒಬ್ಬನೇ ಆಟಗಾರನಿಗಾಗಿ ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೂ, ಜೊತೆಗೆ ಎರಡನೆಯ ಸುತ್ತಿನದೊಂದನ್ನೂ ಬಾಸ್ಟನ್‌ಗೆ ಬಿಟ್ಟುಕೊಟ್ಟಿತು. ಕೆಸೆಲ್ ಆ ಋತುವಿನಲ್ಲಿ 30 ಗೋಲು ಹೊಡೆದ. ಆತನ ತಪ್ಪೇನೂ ಇಲ್ಲ. ತಂಡ ಮಾತ್ರ 30 ತಂಡಗಳ ಪೈಕಿ 29ನೆಯದಾಯಿತು, ಪ್ಲೇಆಫ್ ಕನಸಾಗಿಯೇ ಉಳಿಯಿತು. ಹೀಗೆ ಟೊರೊಂಟೊ ಬಿದ್ದಷ್ಟೂ ಬಾಸ್ಟನ್ನಿನ ಕೈಯಲ್ಲಿದ್ದ ಸರದಿಗೆ ಬೆಲೆ ಏರಿತು. ಎರಡನೆಯ ಆಯ್ಕೆಯಾಗಿ ಟೈಲರ್ ಸೆಗಿನ್ ಅಲ್ಲಿಗೆ ಹೋದ. 2011ರಲ್ಲಿ ಬಾಸ್ಟನ್ ಸ್ಟ್ಯಾನ್ಲಿ ಕಪ್ ಎತ್ತಿತು. ತಮ್ಮ ಸೋಲಿನ ಫಲವನ್ನೂ ಪರರಿಗೆ ಉಣಬಡಿಸಿದ ಇಂಥ ಉದಾರಿಗಳು ಅಪರೂಪ.

ಅಪರೂಪವೆಂದೆವು, ನಮ್ಮಲ್ಲಿ ನೋಡಿದರೆ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾದೀತು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರಾದ ನಮಗೆ ಐಪಿಎಲ್ ಬಂದಾಗ ಎರಡು ಮನಸ್ಸು. ಹುಟ್ಟೂರಿನ ಹೆಸರು ಹೊತ್ತದ್ದು ಆರ್‌ಸಿಬಿ, ಅನ್ನ ಕೊಟ್ಟ ಊರಿನದು ಮುಂಬೈ ಇಂಡಿಯನ್ಸ್. ಒಂದೇ ಮನೆಯಲ್ಲಿ ತಂದೆ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. 2022ರ ಮೇ 21ರ ರಾತ್ರಿ ಮಾತ್ರ ಈ ಜಗಳ ನಿಂತಿತ್ತು: ಮುಂಬೈ ತಂಡ ದೆಹಲಿಯನ್ನು ಸೋಲಿಸಿದರೆ ಆರ್‌ಸಿಬಿಗೆ ಪ್ಲೇಆಫ್ ಬಾಗಿಲು ತೆರೆಯುತ್ತಿತ್ತು, ತೆರೆಯಿತು. ಈ ಎರಡು ಪ್ರೀತಿಗಳ ಅಧಿಕಾರದಿಂದಲೇ ಎರಡೂ ತಂಡಗಳನ್ನು ಪ್ರಶ್ನಿಸುತ್ತಿದ್ದೇವೆ.

ಐಪಿಎಲ್‌ನಲ್ಲಿ ಸರದಿಯ ಪದ್ಧತಿಯಿಲ್ಲ, ಹರಾಜಿದೆ. ಹಾಗಾಗಿ ಮಾರಲು ಸರದಿಯೂ ಇಲ್ಲ. ಮಾರುವುದು ಬೆಳೆಯುತ್ತಿರುವ ಹುಡುಗರನ್ನೇ. 2009ರಲ್ಲಿ ಸೆಂಚುರಿಯನ್ ಮೈದಾನದಲ್ಲಿ ಐಪಿಎಲ್ ಶತಕ ಹೊಡೆದ ಮೊದಲ ಭಾರತೀಯನೆನಿಸಿದ ಮನೀಶ್ ಪಾಂಡೆ ಆಗ ಆರ್‌ಸಿಬಿಯ ಹುಡುಗ. ರಾಬಿನ್ ಉತ್ತಪ್ಪ ಜಹೀರ್ ಖಾನ್‌ಗೆ ವಿನಿಮಯವಾಗಿ ಮುಂಬೈಯಿಂದ ಬಂದವರು. 2011ರ ಹೊತ್ತಿಗೆ ಇಬ್ಬರೂ ಕೈಬಿಟ್ಟುಹೋಗಿ ಪುಣೆಯ ತಂಡ ಸೇರಿದ್ದರು. 2014ರಲ್ಲಿ ಆರ್‌ಸಿಬಿ 14 ಕೋಟಿ ರೂಪಾಯಿ ಸುರಿದು ಯುವರಾಜ್ ಸಿಂಗ್‌ರನ್ನು ತಂದಿತು, ಏಳನೆಯ ಸ್ಥಾನದಲ್ಲಿ ಮುಗಿಸಿತು, ಅವರನ್ನೂ ಬಿಟ್ಟಿತು. ಅದೇ ವರ್ಷ 660 ರನ್ ಗಳಿಸಿ ಎಲ್ಲರಿಗಿಂತ ಮೇಲಿದ್ದವರು ಉತ್ತಪ್ಪ. ಫೈನಲ್‌ನಲ್ಲಿ 94 ರನ್ ಹೊಡೆದು ಕೋಲ್ಕತ್ತಾ ನೈಟ್ ರೈಡರ್ಸ್‌ಗೆ ಕಪ್ ಗೆದ್ದುಕೊಟ್ಟವರು ಪಾಂಡೆ. ಆ ಫೈನಲ್ ನಡೆದದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ! ಮನೆಯಂಗಳದಲ್ಲೇ ಮನೆಯ ಮಗ ನೆರೆಯವರ ಹಬ್ಬಕ್ಕೆ ತೋರಣ ಕಟ್ಟಿದ. ಮನೆಯೊಡೆಯರು ಟಿಕೆಟ್ ಕೊಂಡು ನೋಡಿದರು.

ಮರುವರ್ಷ ಮಾರ್ಚಿನಲ್ಲಿ ಕರ್ನಾಟಕ ತಂಡ ಇಲ್ಲಿಯೇ, ವಾಂಖೆಡೆಯಲ್ಲಿ, ತಮಿಳುನಾಡನ್ನು ಇನಿಂಗ್ಸ್ ಮತ್ತು 217 ರನ್ನುಗಳಿಂದ ಸೋಲಿಸಿ ಸತತ ಎರಡನೆಯ ಬಾರಿ ರಣಜಿ ಗೆದ್ದಿತು. ಕರುಣ್ ನಾಯರ್ 328, ಕೆ. ಎಲ್. ರಾಹುಲ್ 188. ಆಮೇಲೆ ಐಪಿಎಲ್ ಆರಂಭವಾದಾಗ ಆ ತಂಡ ಎಲ್ಲಿತ್ತು? ನಾಯರ್ ರಾಜಸ್ಥಾನದಲ್ಲಿ, ರಾಹುಲ್ ಹೈದರಾಬಾದಿನಲ್ಲಿ, ಪಾಂಡೆ, ಉತ್ತಪ್ಪ ಕೋಲ್ಕತ್ತಾದಲ್ಲಿ, ಮಯಾಂಕ್ ಅಗರ್ವಾಲ್ ದೆಹಲಿಯಲ್ಲಿ. ನಾಯಕ ವಿನಯ್ ಕುಮಾರ್ ಮುಂಬೈಯಲ್ಲಿ. ಆ ವರ್ಷ ಕಪ್ ಗೆದ್ದದ್ದೂ ಮುಂಬೈಯೇ. ದೇಶದ ಅತ್ಯುತ್ತಮ ರಾಜ್ಯ ತಂಡ ತನ್ನ ರಾಜಧಾನಿಯ ಹೆಸರಿನ ತಂಡವೊಂದನ್ನು ಬಿಟ್ಟು ದೇಶವೆಲ್ಲ ಹರಡಿತ್ತು.

ರಾಹುಲ್ 2016ರಲ್ಲಿ ಆರ್‌ಸಿಬಿಗೆ ಮರಳಿ 397 ರನ್ ಹೊಡೆದರು, ತಂಡ ಫೈನಲ್ ತಲುಪಿತು. 2017ರಲ್ಲಿ ಭುಜದ ನೋವಿನಿಂದ ಆಡಲಿಲ್ಲ. 2018ರ ಹರಾಜಿನಲ್ಲಿ ಪಂಜಾಬ್ 11 ಕೋಟಿ ಕೂಗಿದಾಗ ಅದೇ ಬೆಲೆಗೆ ಉಳಿಸಿಕೊಳ್ಳುವ ರೈಟ್ ಟು ಮ್ಯಾಚ್ ಕಾರ್ಡು ಆರ್‌ಸಿಬಿಯ ಕೈಯಲ್ಲಿತ್ತು. ಕೈ ಮೇಲೇಳಲಿಲ್ಲ. ರಾಹುಲ್ ಪಂಜಾಬಿಗೆ ಮೂರು ವರ್ಷಗಳಲ್ಲಿ ಕ್ರಮವಾಗಿ 659, 593, 670 ರನ್ ಕೊಟ್ಟರು. ಆರ್‌ಸಿಬಿ 2018ರಲ್ಲಿ ಆರನೆಯದು, 2019ರಲ್ಲಿ ಕಟ್ಟಕಡೆಯದು.

ಮುಂಬೈ ತಂಡದ ಕಥೆ ಇನ್ನೂ ವಿಚಿತ್ರ. ಹಾರ್ದಿಕ್ ಪಾಂಡ್ಯರನ್ನು 10 ಲಕ್ಷಕ್ಕೆ ಹುಡುಕಿ ತಂದು ಬೆಳೆಸಿದವರು ಇವರೇ. 2022ಕ್ಕೆ ಮುನ್ನ ಬಿಟ್ಟುಕೊಟ್ಟರು. ಗುಜರಾತ್ ಮೊದಲ ವರ್ಷವೇ ಅವರ ನಾಯಕತ್ವದಲ್ಲಿ ಕಪ್ ಗೆದ್ದಿತು, ಮುಂಬೈ ಹತ್ತರಲ್ಲಿ ಹತ್ತನೆಯದಾಯಿತು. 2023ರ ನವೆಂಬರಿನಲ್ಲಿ ಅದೇ ಹಾರ್ದಿಕ್‌ರನ್ನು 15 ಕೋಟಿಗೆ ಮರಳಿ ತರಲೆಂದು, ಆ ವರ್ಷವಷ್ಟೇ 452 ರನ್ ಹೊಡೆದಿದ್ದ ಇಪ್ಪತ್ತನಾಲ್ಕರ ಕ್ಯಾಮರೂನ್ ಗ್ರೀನ್‌ರನ್ನು 17.5 ಕೋಟಿಗೆ ಆರ್‌ಸಿಬಿಗೆ ದಾಟಿಸಿದರು. ಐದು ಕಪ್ ತಂದ ರೋಹಿತ್ ಶರ್ಮಾರನ್ನು ನಾಯಕನ ಪೀಠದಿಂದ ಇಳಿಸಿದರು. 2024ರ ಫಲಿತಾಂಶ? ಮತ್ತೆ ಹತ್ತನೆಯ ಸ್ಥಾನ, ಮತ್ತೆ ನಾಲ್ಕೇ ಗೆಲುವು. ಬಿಟ್ಟಾಗಲೂ ಕೊನೆ, ತಂದಾಗಲೂ ಕೊನೆ. ವಾಂಖೆಡೆಯ ಜನ ಹಾರ್ದಿಕ್‌ರನ್ನು ಕೂಗಿ ಹಂಗಿಸಿದ್ದು ಮಾತ್ರ ಅನ್ಯಾಯ. ವ್ಯಾಪಾರ ಕುದುರಿಸಿದವರು ಕೂತದ್ದು ಎಸಿ ಪೆಟ್ಟಿಗೆಯಲ್ಲಿ. ಬೈಗುಳ ಬಿದ್ದದ್ದು ಬಿಸಿಲಲ್ಲಿ ನಿಂತವರ ಮೇಲೆ.

2024ರ ಚಾಂಪಿಯನ್ ಕೋಲ್ಕತ್ತಾ ಕಪ್ ಗೆದ್ದುಕೊಟ್ಟ ಶ್ರೇಯಸ್ ಅಯ್ಯರ್‌ರನ್ನು ಉಳಿಸಿಕೊಳ್ಳಲಿಲ್ಲ. ಬದಲಿಗೆ ವೆಂಕಟೇಶ್ ಅಯ್ಯರ್‌ಗೆ 23.75 ಕೋಟಿ ಕೊಟ್ಟು, ಋತುವಿಡೀ 142 ರನ್ ಪಡೆದು, ಪ್ಲೇಆಫ್ ಕಳೆದುಕೊಂಡಿತು. ಶ್ರೇಯಸ್ ಪಂಜಾಬನ್ನು ಫೈನಲ್‌ಗೆ ಕೊಂಡೊಯ್ದರು. ಈ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಇಲ್ಲಿ ಎದುರುವಾದಿಗಳು ಕೇಳಬಹುದು: 2025ರಲ್ಲಿ ಆರ್‌ಸಿಬಿ ಗೆದ್ದಿತಲ್ಲ, ಕನ್ನಡಿಗರು ಎಷ್ಟು ಮಂದಿಯಿದ್ದರು? ಬೆರಳೆಣಿಕೆ, ನಿಜ. ಎದುರಾಳಿ ಪಂಜಾಬಿನ ಪರ ಬೌಲಿಂಗ್ ಮಾಡುತ್ತಿದ್ದವರಲ್ಲಿ ನಮ್ಮ ವೈಶಾಖ್ ವಿಜಯಕುಮಾರ್ ಇದ್ದರು. ಆದರೆ ನಮ್ಮ ತಕರಾರು ಜಾತಕ ನೋಡಿ ತಂಡ ಕಟ್ಟಿರೆಂದಲ್ಲ. ಆ ಗೆಲುವಿನ ನಾಯಕ ಇಂದೋರಿನ ರಜತ್ ಪಾಟಿದಾರ್ 2022ರ ಹರಾಜಿನಲ್ಲಿ ಯಾರಿಗೂ ಬೇಡವಾಗಿ, ಗಾಯಗೊಂಡವರೊಬ್ಬರ ಬದಲಿಗೆ ತಂಡ ಸೇರಿ, ಎಲಿಮಿನೇಟರ್‌ನಲ್ಲಿ ಅಜೇಯ 112 ಹೊಡೆದವರು. ಅವರನ್ನು ತಂಡ ಈ ಬಾರಿ ಮಾರಲಿಲ್ಲ, ಉಳಿಸಿಕೊಂಡಿತು, ಕಾಯಿತು. ಗೆಲುವು ಬಂದದ್ದು ಆ ಕಾಯುವಿಕೆಯಿಂದ. ದೇವದತ್ತ ಪಡಿಕ್ಕಲ್ ಮಾತ್ರ 2020ರಲ್ಲಿ 473 ರನ್ ಹೊಡೆದು ಉದಯೋನ್ಮುಖ ಆಟಗಾರನೆನಿಸಿ, ಆಮೇಲೆ ರಾಜಸ್ಥಾನ, ಅಲ್ಲಿಂದ ಆವೇಶ್ ಖಾನ್‌ಗೆ ಬದಲಾಗಿ ಲಖನೌ, ಹೀಗೆ ಸುತ್ತಿ ಸವೆದು 2 ಕೋಟಿಯ ಮೂಲ ಬೆಲೆಗೆ ಬೆಂಗಳೂರಿಗೆ ಮರಳಿದರು. ಕಾಯುವುದನ್ನು ಪಾಟಿದಾರರಿಗೆ ಮೊದಲೇ ಅವರಿಗೂ ಕಾಯ್ದಿದ್ದರೆ?

ಇನ್ನು ನಮ್ಮ ಓಣಿಯ ಮಾತು. ಅಜಿಂಕ್ಯ ರಹಾನೆ ಡೊಂಬಿವಲಿಯಲ್ಲಿ ಬೆಳೆದು, ಕಿಟ್ ಹೊತ್ತು ಲೋಕಲ್ ಗಾಡಿಯಲ್ಲಿ ಮುಂಬಯಿಯ ಮೈದಾನಗಳಿಗೆ ಓಡಾಡಿದವರು. ಆ ಗಾಡಿಯ ಬೆಳಗಿನ ನೂಕುನುಗ್ಗಲು ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ವಿವರ ಬೇಡ. ಮುಂಬೈ ಇಂಡಿಯನ್ಸ್ ಮೊದಲ ಮೂರು ವರ್ಷ ಅವರನ್ನು ಹೆಚ್ಚಾಗಿ ಬೆಂಚಿನಲ್ಲಿ ಕೂರಿಸಿ ಬಿಟ್ಟುಕೊಟ್ಟಿತು. 2012ರಲ್ಲಿ ಅವರು ರಾಜಸ್ಥಾನಕ್ಕೆ 560 ರನ್ ಗಳಿಸಿದರು. ಅದರಲ್ಲೊಂದು ಶತಕ ಬೆಂಗಳೂರಿನಲ್ಲಿ, ನಮ್ಮ ಶ್ರೀನಾಥ್ ಅರವಿಂದ್ ಅವರ ಒಂದೇ ಓವರಿನಲ್ಲಿ ಆರು ಬೌಂಡರಿಗಳ ಸಮೇತ. ಎರಡು ಮನಸ್ಸಿನ ನಮಗೆ ಅಂದು ಎರಡೂ ಕಡೆಯಿಂದ ಪೆಟ್ಟು. ಮತ್ತು 2008ರ ಜೂನ್ 1ರಂದು ನೆರೂಳಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಐಪಿಎಲ್ ಗೆದ್ದ ರಾಜಸ್ಥಾನ ಹರಾಜಿನಲ್ಲಿ ಎಲ್ಲರಿಗಿಂತ ಕಡಿಮೆ ಖರ್ಚು ಮಾಡಿದ್ದ ತಂಡ. ಹತ್ತೊಂಬತ್ತರ ರವೀಂದ್ರ ಜಡೇಜ ಅದರಲ್ಲಿದ್ದರು. ಅದೇ ಜಡೇಜ ಬೇರೆ ತಂಡದ ಜೊತೆ ತಾವೇ ಮಾತಾಡಿದರೆಂದು 2010ರ ಐಪಿಎಲ್‌ನಿಂದ ಹೊರಹಾಕಲ್ಪಟ್ಟರು. ಮಾಲೀಕ ಮಾರಿದರೆ ವ್ಯವಹಾರ. ಆಟಗಾರ ತನ್ನ ದಾರಿ ಹುಡುಕಿದರೆ ಶಿಸ್ತುಭಂಗ.

ಇಷ್ಟು ಬರೆದ ಮೇಲೆ ನಮ್ಮ ಸಂಘಗಳ ಲೆಕ್ಕಪತ್ರದತ್ತ ಕಣ್ಣು ಹೋಗದಿರದು. ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ ಸಿನಿಮಾ ತಾರೆಯನ್ನೋ ಕಿರುತೆರೆಯ ಗಾಯಕರನ್ನೋ ವಿಮಾನದಲ್ಲಿ ಕರೆಸಿ, ಶಾಲು, ಹಾರ, ಹೋಟೆಲಿನ ಕೋಣೆ ಒದಗಿಸುವ ಸಂಘಗಳಲ್ಲಿ ಭಾನುವಾರದ ಕನ್ನಡ ತರಗತಿ ಮೇಷ್ಟರಿಲ್ಲದೆ ನಿಂತದ್ದನ್ನು ನಾವು ಕಂಡಿದ್ದೇವೆ. ಅಂಥ ಒಂದು ಸಮಾರಂಭದಲ್ಲಿ ಮಕ್ಕಳ ನಾಟಕವನ್ನು ಹತ್ತು ನಿಮಿಷಕ್ಕೆ ಇಳಿಸಿ, ತಡವಾಗಿ ಬಂದ ಅತಿಥಿಗೆ ಒಂದೂವರೆ ಗಂಟೆ ಕೊಡಲಾಯಿತು. ತಿಂಗಳುಗಟ್ಟಲೆ ಮಾತು ಬಾಯಿಪಾಠ ಮಾಡಿದ್ದ ಮಕ್ಕಳು ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಕೂತಿದ್ದರು. ಮನೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷಿನ ನಡುವೆ ಕನ್ನಡವನ್ನು ಹೇಗೋ ಹಿಡಿದಿರುವ ಹುಡುಗಿಯೊಬ್ಬಳಿಗೆ ಆ ನಾಟಕವೇ ಮೊದಲ ಸುತ್ತಿನ ಸರದಿ.

ಅದಕ್ಕೆ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಾವು ಒಂದೇ ಪ್ರಶ್ನೆ ಕೇಳಲಿದ್ದೇವೆ, ಓದುಗರೂ ತಮ್ಮ ತಮ್ಮ ಸಂಘಗಳಲ್ಲಿ ಕೇಳಲಿ: ಕಳೆದ ವರ್ಷ ಅತಿಥಿಗಳ ಮೇಲೆ ಎಷ್ಟು ವೆಚ್ಚವಾಯಿತು, ಮಕ್ಕಳ ತರಗತಿಯ ಮೇಲೆ ಎಷ್ಟು? ಎರಡೂ ಅಂಕಿಗಳನ್ನು ಖಜಾಂಚಿಗಳು ಒಂದರ ಕೆಳಗೊಂದು ಬರೆದು, ಧ್ವನಿವರ್ಧಕದಲ್ಲಿ ಓದಿ ಹೇಳಲಿ.